ಎಂಟು ದಿನದ ಸಾಲದ ರೊಟ್ಟಿ

ಹದಿನೈದು ದಿನಗಳಲ್ಲಿ ಹತ್ತು ದೇಶ ನೋಡಿ ಬರುವ ಪದ್ಧತಿ ಈಗ ನಮ್ಮವರಲ್ಲಿ ಬಳಕೆಗೆ ಬಂದಿದೆ. ಬೆಳಿಗ್ಗೆ ಒಂದು ಗೋಪುರ, ಮಧ್ಯಾಹ್ನ ಒಂದು ಸರೋವರ, ಸಂಜೆ ಒಂದು ಇಗರ್ಜಿ, ರಾತ್ರಿ ಬಸ್ಸಿನಲ್ಲಿ ನಿದ್ರೆ. ಇದನ್ನು ಹಾಸ್ಯ ಮಾಡುವ ಉದ್ದೇಶ ನನಗಿಲ್ಲ. ದುಡಿದ ದುಡ್ಡಿನಲ್ಲಿ ಲೋಕ ನೋಡಹೊರಟವನು ಅದನ್ನು ಹೇಗೆ ನೋಡಿದರೂ ಅವನ ಇಷ್ಟ. ಆದರೆ ಇಟಲಿಗೆ ಹೋಗುವ ಅವಕಾಶ ಒದಗಿದಾಗ ನಾನು ರೋಮನ್ನೂ ವೆನಿಸನ್ನೂ ಬದಿಗಿಟ್ಟು, ಕೈಯಲ್ಲಿದ್ದ ಮೂರೇ ಮೂರು ದಿನಗಳನ್ನು ದಕ್ಷಿಣದ ನೇಪಲ್ಸ್ ನಗರವೊಂದಕ್ಕೇ ಮೀಸಲಾಗಿಟ್ಟೆ. ಕಾರಣ ಘನವಾದುದೇನಲ್ಲ. ಮನೆಯಲ್ಲಿ ಮಕ್ಕಳಿಗಾಗಿ ಪಿಜ್ಜಾ ಮಾಡುವ ಅಭ್ಯಾಸ ನನಗೆ ಮೊದಲಿನಿಂದಲೂ ಇತ್ತು. ಅದರ ತವರನ್ನು ಒಮ್ಮೆ ಕಣ್ಣಾರೆ ನೋಡಬೇಕೆನಿಸಿತ್ತು. ಆ ಊರನ್ನೂ ಆ ರೊಟ್ಟಿಯನ್ನೂ ಕುರಿತು ಇಂದು ನಾಲ್ಕು ಮಾತು.

ನೇಪಲ್ಸಿನ ಹೆಸರಿನಲ್ಲೇ ಒಂದು ವಿನೋದವುಂಟು. ಗ್ರೀಕರು ಕಟ್ಟಿದ ಈ ಪಟ್ಟಣಕ್ಕೆ ಅವರಿಟ್ಟ ಹೆಸರು ನೆಯಾಪೊಲಿಸ್, ಎಂದರೆ ಹೊಸ ಊರು. ಆ ಹೊಸ ಊರಿಗೆ ಈಗ ಸುಮಾರು ಎರಡೂವರೆ ಸಾವಿರ ವರ್ಷ ವಯಸ್ಸು. ಸಾನ್ ಮಾರ್ತಿನೊ ಮಠದ ಬಳಿಯ ದಿಬ್ಬದ ಮೇಲೆ ನಿಂತು ಕೆಳಗೆ ನೋಡಿದರೆ ಒತ್ತೊತ್ತಾದ ಮನೆಗಳ ಮಾಡುಗಳ ನಡುವೆ ಚಾಕುವಿನಿಂದ ಕೊಯ್ದಂತೆ ನೇರವಾಗಿ ಹಾಯ್ದ ಒಂದು ಬೀದಿ ಕಾಣುತ್ತದೆ. ಅದಕ್ಕೆ ಜನ ಇಟ್ಟ ಹೆಸರು ಸ್ಪಕ್ಕಾನಾಪೊಲಿ, ನೇಪಲ್ಸನ್ನು ಸೀಳುವ ಬೀದಿ. ಗ್ರೀಕರ ಕಾಲದ ರಸ್ತೆಯ ಜಾಡಿನಲ್ಲಿಯೇ ಅದು ಇಂದಿಗೂ ಸಾಗಿದೆ. ದೂರದಲ್ಲಿ ಕೊಲ್ಲಿಯ ನೀಲಿ ನೀರು, ಅದರಾಚೆ ಎರಡು ಹೆಗಲುಗಳ ವೆಸೂವಿಯಸ್. ಈ ನೋಟವನ್ನು ವರ್ಣಿಸಿದವರು ಸಾವಿರಾರು ಮಂದಿ ಇರುವುದರಿಂದ ನಾನು ದಿಬ್ಬವನ್ನಿಳಿದು ಬೀದಿಗೆ ಬರುತ್ತೇನೆ.

ಬೀದಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ತಲೆಯ ಮೇಲೆ ಈ ಮನೆಯಿಂದ ಆ ಮನೆಗೆ ಕಟ್ಟಿದ ಹಗ್ಗಗಳಲ್ಲಿ ಒಣಗುತ್ತಿರುವ ಬಟ್ಟೆ. ಆಮೇಲೆ ಕಾಣುವುದು 'ಬಾಸ್ಸೊ'ಗಳು. ನಾಲ್ಕೈದು ಅಂತಸ್ತಿನ ಹಳೆಯ ಮನೆಗಳ ನೆಲಮಟ್ಟದಲ್ಲಿ, ಬೀದಿಗೇ ಬಾಗಿಲು ತೆರೆದ ಒಂದೇ ಕೋಣೆಯ ಬಿಡಾರಗಳಿವು. ಕಿಟಕಿ ಇಲ್ಲ, ಬಾಗಿಲೇ ಕಿಟಕಿ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಥ ಒಂದೊಂದು ಕೋಣೆಯಲ್ಲಿಯೂ ಇಡೀ ಸಂಸಾರ ಬದುಕುತ್ತಿತ್ತು. ಅಲ್ಲಿ ಒಲೆಗೇ ಜಾಗವಿರಲಿಲ್ಲವೆಂದ ಮೇಲೆ ರೊಟ್ಟಿ ಸುಡುವ ಇಟ್ಟಿಗೆಯ ಗೂಡಿಗೆ ಎಲ್ಲಿಯ ಜಾಗ? ಹಸಿದವನು ಬೀದಿಗೆ ಬಂದು ತಿನ್ನಬೇಕಾಗಿತ್ತು. ನಾವು ಮನೆಯಲ್ಲಿ ಪಿಜ್ಜಾ ಮಾಡಿದೆವೆಂದು ಹೆಮ್ಮೆಪಡುತ್ತೇವೆ. ಆದರೆ ಪಿಜ್ಜಾ ಹುಟ್ಟಿದ್ದು ಅಡುಗೆಮನೆ ಇಲ್ಲದವರಿಗಾಗಿ.

ಇದನ್ನು ಅರಿಯದೆ ಹೋದ ದೊಡ್ಡ ಪ್ರವಾಸಿಯೊಬ್ಬರಿದ್ದಾರೆ. ಫ್ರೆಂಚ್ ಕಾದಂಬರಿಕಾರ ಅಲೆಕ್ಸಾಂಡರ್ ಡ್ಯೂಮಾ 1843ರಲ್ಲಿ ಪ್ರಕಟಿಸಿದ ತಮ್ಮ ನೇಪಲ್ಸ್ ಪ್ರವಾಸಗ್ರಂಥದಲ್ಲಿ ಪಿಜ್ಜಾದ ವಿಷಯ ಬರೆದಿದ್ದಾರೆ. ಇಲ್ಲಿನ ಬಡವರು ಬೇಸಗೆಯಲ್ಲಿ ಕಲ್ಲಂಗಡಿಯಿಂದಲೂ ಚಳಿಗಾಲದಲ್ಲಿ ಪಿಜ್ಜಾದಿಂದಲೂ ಜೀವಿಸುತ್ತಾರೆಂದು ಅವರು ಹೇಳುತ್ತಾರೆ. ಪಿಜ್ಜಾದ ಬೆಲೆ ಪೇಟೆಯ ಸ್ಥಿತಿಯನ್ನು ತೋರಿಸುವ ಅಳತೆಗೋಲು ಎಂಬುದನ್ನು ಅವರು ಚೆನ್ನಾಗಿ ಗ್ರಹಿಸಿದ್ದಾರೆ: ಮೇಲೆ ಹಾಕುವ ಮೀನು ಅಗ್ಗವಾದರೆ ಆ ದಿನ ಬಲೆಗೆ ಮೀನು ಚೆನ್ನಾಗಿ ಬಿದ್ದಿದೆಯೆಂದು ಅರ್ಥ. ಆದರೆ 'ಎಂಟರ ಪಿಜ್ಜಾ' ಎಂಬ ಮಾತು ಕಿವಿಗೆ ಬಿದ್ದಾಗ, ಅದು ಎಂಟು ದಿನಗಳ ಹಿಂದೆ ಸುಟ್ಟ ತಂಗಳು ಪಿಜ್ಜಾ ಎಂದು ಬರೆದುಬಿಟ್ಟರು. ನಿಜವಾಗಿ ಅದು ಸಾಲದ ಪಿಜ್ಜಾ ಎಂದು ತಿಳಿದವರು ಹೇಳುತ್ತಾರೆ: ಇಂದು ತಿನ್ನು, ಎಂಟು ದಿನ ಬಿಟ್ಟು ಹಣ ಕೊಡು. ವಾರವೆನ್ನುವ ಕಡೆ 'ಎಂಟು ದಿನ' ಎನ್ನುವ ರೂಢಿ ನಮ್ಮ ಹಳ್ಳಿಗಳಲ್ಲಿಯೂ ಉಂಟಷ್ಟೆ. ಸಂತೆಯಿಂದ ಸಂತೆಗೆ ಲೆಕ್ಕ ಹಾಕುವ ನಮ್ಮ ರೈತನಾಗಿದ್ದರೆ ಆ ಮಾತು ಒಡನೆಯೇ ಅರ್ಥವಾಗುತ್ತಿತ್ತು. ಅಷ್ಟು ದೊಡ್ಡ ಲೇಖಕರಿಗೆ ಅರ್ಥವಾಗಲಿಲ್ಲ. ಸಾಲ ಹೇಳಿ ತಿನ್ನುವ ಸಂದರ್ಭ ಅವರಿಗೆ ಆ ಊರಿನಲ್ಲಿ ಬಂದಿರಲಾರದು.

ಊರನ್ನು ಒಳಗಿನಿಂದ ಬಲ್ಲವರಾಗಿ ಬರೆದವರು ಮತಿಲ್ದೆ ಸೆರಾವೊ. 1884ರಲ್ಲಿ ನೇಪಲ್ಸಿಗೆ ಕಾಲರಾ ಬಡಿದು ಸಾವಿರಾರು ಜನ ಸತ್ತರು. ಈ ಕೊಳಕು ಓಣಿಗಳನ್ನು ಕೆಡವಿಹಾಕಬೇಕೆಂಬ ಮಾತು ಸರಕಾರದಲ್ಲಿ ಎದ್ದಾಗ, ಈ ಪತ್ರಕರ್ತೆ ಓಣಿಗಳ ಬಾಳನ್ನು ಕುರಿತು 'ನೇಪಲ್ಸಿನ ಒಡಲು' ಎಂಬ ಅರ್ಥದ ಹೆಸರಿನ ಪುಸ್ತಕವನ್ನು ಹೊರತಂದರು. ಕಾಸಿಗೊಂದು ತುಂಡಿನಂತೆ ಮಾರುವ ಪಿಜ್ಜಾ, ಅದನ್ನು ತಿಂದು ಶಾಲೆಗೆ ಹೋಗುವ ಮಕ್ಕಳು, ಎಲ್ಲವೂ ಅದರಲ್ಲಿವೆ. ಇನ್ನೊಂದು ಕಥೆಯನ್ನೂ ಅವರು ಹೇಳುತ್ತಾರೆ. ನೇಪಲ್ಸಿನ ವರ್ತಕನೊಬ್ಬ ರೋಮಿನಲ್ಲಿ ಪಿಜ್ಜಾ ಅಂಗಡಿ ತೆರೆದನಂತೆ. ಮೊದಮೊದಲು ಹೊಸತೆಂದು ಜನ ಮುಗಿಬಿದ್ದರು, ಬರಬರುತ್ತ ಕರಗಿದರು, ಅಂಗಡಿ ಮುಳುಗಿತು. ತನ್ನ ಬೀದಿಯನ್ನು ಬಿಟ್ಟು ಬಂದ ಪಿಜ್ಜಾ ಅವರಿಗೆ ಜೀರ್ಣವಾಗದ ಪರದೇಶಿ ತಿನಿಸಾಗಿ ಕಂಡಿತು. ನೇಪಲ್ಸಿನಿಂದ ರೋಮಿಗೆ ಇರುವುದು ಬೆಂಗಳೂರಿನಿಂದ ಶಿವಮೊಗ್ಗಕ್ಕಿಂತಲೂ ಕಡಿಮೆ ದೂರ. ಅಷ್ಟನ್ನು ದಾಟಲಾರದೆ ಸೋತ ರೊಟ್ಟಿ ಇಂದು ಶಿವಮೊಗ್ಗವನ್ನೂ ಮುಟ್ಟಿದೆ.

ಇಷ್ಟರಲ್ಲಿ ಕೇಳುಗರಿಗೆ ರಾಣಿಯ ಕಥೆ ನೆನಪಾಗಿರಬಹುದು. 1889ರಲ್ಲಿ ರಾಣಿ ಮಾರ್ಗರಿತಾ ನೇಪಲ್ಸಿಗೆ ಬಂದಾಗ ರಫಾಯೆಲೆ ಎಸ್ಪೊಸಿತೊ ಎಂಬ ಪಿಜ್ಜಾಗಾರ ಇಟಲಿಯ ಧ್ವಜದ ಮೂರು ಬಣ್ಣಗಳಲ್ಲಿ, ಎಂದರೆ ಕೆಂಪು ಟೊಮ್ಯಾಟೊ, ಬಿಳಿಯ ಮೊಜ್ಜರೆಲ್ಲಾ ಮತ್ತು ಹಸುರು ಬೆಸಿಲ್ ಸೊಪ್ಪಿನಿಂದ ಒಂದು ಪಿಜ್ಜಾ ಮಾಡಿ ಅರ್ಪಿಸಿದನೆಂದೂ, ರಾಣಿ ಮೆಚ್ಚಿದ್ದರಿಂದ ಅದಕ್ಕೆ ಆಕೆಯ ಹೆಸರೇ ನಿಂತಿತೆಂದೂ ಪ್ರತೀತಿ. ಅರಮನೆಯಿಂದ ಬಂದ ಪತ್ರವೆಂದು ಒಂದು ಕಾಗದವನ್ನೂ ತೋರಿಸುತ್ತಾರೆ. ಅದು ಅಸಲಿಯೇ ಎಂದು ಇತಿಹಾಸಕಾರರು ಶಂಕಿಸಿದ್ದಾರೆ. ಪತ್ರದ ಮಾತು ಹಾಗಿರಲಿ. ಆ ವರ್ಷಕ್ಕಿಂತ ಎಷ್ಟೋ ಮೊದಲೇ ನೇಪಲ್ಸಿನ ಬಡವರು ಬೆಸಿಲ್ ಮತ್ತು ಮೊಜ್ಜರೆಲ್ಲಾ ಹಾಕಿದ ಪಿಜ್ಜಾ ತಿನ್ನುತ್ತಿದ್ದರೆಂಬುದಕ್ಕೆ ಬರೆಹದ ಆಧಾರವುಂಟು. ತಿಂದವರು ಲಕ್ಷ ಜನ, ಹೆಸರು ಬಂದದ್ದು ರಾಣಿಗೆ. ನನಗೆ ಈ ಕಥೆ ರುಚಿಸುವುದಿಲ್ಲ.

ಎರಡನೆಯ ದಿನ ಪೊಂಪೆಯಿಗೆ ಹೋಗಿದ್ದೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದು ಹೂತುಹೋದ ಈ ಪಟ್ಟಣದಲ್ಲಿ ಮೂವತ್ತಕ್ಕೂ ಹೆಚ್ಚು ರೊಟ್ಟಿ ಅಂಗಡಿಗಳು ಅಗೆತದಲ್ಲಿ ಹೊರಬಿದ್ದಿವೆ. ಕಪ್ಪು ಕಲ್ಲಿನ ಬೀಸುವ ಯಂತ್ರಗಳು, ಪಕ್ಕದಲ್ಲಿಯೇ ಕಮಾನು ಬಾಯಿಯ ಇಟ್ಟಿಗೆಯ ಗೂಡು. ಅಂದು ಕರಿಕಾಗಿ ಉಳಿದ ಎಂಟು ಹೋಳಿನ ಗುರುತಿನ ದುಂಡು ರೊಟ್ಟಿಯನ್ನು ನೇಪಲ್ಸಿನ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. 2023ರಲ್ಲಿ ಅಲ್ಲಿಯ ಗೋಡೆಯೊಂದರ ಮೇಲೆ ಚಪ್ಪಟೆ ರೊಟ್ಟಿಯ ಚಿತ್ರ ದೊರೆತಾಗ 'ಎರಡು ಸಾವಿರ ವರ್ಷದ ಪಿಜ್ಜಾ' ಎಂದು ಪತ್ರಿಕೆಗಳು ಸಂಭ್ರಮಿಸಿದವು. ಟೊಮ್ಯಾಟೊ ಯೂರೋಪಿಗೆ ಬಂದದ್ದು ಹದಿನಾರನೆಯ ಶತಮಾನದಲ್ಲಿ, ಅಮೆರಿಕದಿಂದ. ರೋಮನರ ರೊಟ್ಟಿ ರೊಟ್ಟಿಯೇ ಸರಿ, ಪಿಜ್ಜಾ ಅಲ್ಲ. ಆದರೆ ಅದೇ ಸಂಜೆ ನೇಪಲ್ಸಿನ ಓಣಿಯ ಅಂಗಡಿಯಲ್ಲಿ ಕಂಡ ಗೂಡಿಗೂ ಪೊಂಪೆಯಿಯ ಗೂಡಿಗೂ ಹೆಚ್ಚಿನ ವ್ಯತ್ಯಾಸ ನನಗೆ ಕಾಣಲಿಲ್ಲ.

ಆ ಅಂಗಡಿಯ ಮುಂದೆ ಒಂದು ಗಂಟೆಗೂ ಹೆಚ್ಚು ಹೊತ್ತು ನಿಂತಿದ್ದೆ. ಇಬ್ಬರ ಕೆಲಸ. ಒಬ್ಬನದು ಅಮೃತಶಿಲೆಯ ಹಾಸಿನ ಮುಂದೆ, ಇನ್ನೊಬ್ಬನದು ಬೆಂಕಿಯ ಮುಂದೆ. ಮೊದಲನೆಯವನು ಹುದುಗಿ ಉಬ್ಬಿದ ಕಣಕದ ಉಂಡೆಯನ್ನು ತೆಗೆದು, ನಡುವಿನಿಂದ ಅಂಚಿನ ಕಡೆಗೆ ಬೆರಳುಗಳಿಂದ ಒತ್ತುತ್ತಾನೆ. ಲಟ್ಟಣಿಗೆ ಮುಟ್ಟುವುದಿಲ್ಲ, ಅದು ಒಳಗಿನ ಗಾಳಿಯನ್ನೆಲ್ಲ ಹೊರದೂಡಿಬಿಡುತ್ತದೆ. ಬೆರಳಿನ ಒತ್ತಿಗೆ ಆ ಗಾಳಿ ಅಂಚಿಗೆ ಸರಿದು, ಬೆಂಕಿಯಲ್ಲಿ ಉಬ್ಬಿದ ಕಟ್ಟೆಯಾಗುತ್ತದೆ. ಎರಡನೆಯವನು ಉದ್ದ ಹಿಡಿಯ ಸಲಿಕೆಯಲ್ಲಿ ಅದನ್ನು ಗೂಡಿಗೆ ಜಾರಿಸಿ, ಒಂದೆರಡು ಬಾರಿ ತಿರುಗಿಸಿ, ಹೊರಗೆಳೆಯುತ್ತಾನೆ. ಗಡಿಯಾರ ನೋಡಿದೆ: ಒಂದೂಕಾಲು ನಿಮಿಷ. ಗೂಡಿನ ಕಾವು 485 ಡಿಗ್ರಿ, ಸುಡುವ ಕಾಲ 60ರಿಂದ 90 ಸೆಕೆಂಡು ಎಂದು ಈಗ ನಿಯಮವನ್ನೇ ಬರೆದಿಟ್ಟಿದ್ದಾರೆ. ನೇಪಲ್ಸಿನ ಪಿಜ್ಜಾಕ್ಕೆ 2010ರಲ್ಲಿ ಯೂರೋಪಿನ ಒಕ್ಕೂಟದ ಮನ್ನಣೆ ದೊರೆಯಿತು. ಈ ಕೈಕಸಬನ್ನು 2017ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯೆಂದು ಗುರುತಿಸಿತು. ಗೂಡಿನ ಮುಂದೆ ಬೆವರು ಒರಸಿಕೊಳ್ಳುತ್ತಿದ್ದವನನ್ನು ನೋಡಿದಾಗ ಆ ಗೌರವ ಸಲ್ಲಬೇಕಾದವನಿಗೇ ಸಂದಿದೆ ಎನಿಸಿತು.

ಇನ್ನು ಮನೆಯ ಮಾತು. ಈ 485 ಡಿಗ್ರಿಯ ಬೆಂಕಿ ನಮ್ಮ ಅಡುಗೆಮನೆಯಲ್ಲಿ ಸಿಕ್ಕುವುದಿಲ್ಲ. ಮನೆಯ ವಿದ್ಯುತ್ ಓವನ್ ಸಾಮಾನ್ಯವಾಗಿ 250ಕ್ಕೆ ನಿಂತುಬಿಡುತ್ತದೆ. ಕಾವು ಕಡಿಮೆಯಾದಷ್ಟೂ ಹೆಚ್ಚು ಹೊತ್ತು ಸುಡಬೇಕು. ಹೆಚ್ಚು ಹೊತ್ತು ಸುಟ್ಟಷ್ಟೂ ಹಿಟ್ಟಿನ ನೀರು ಆರಿ ರೊಟ್ಟಿ ಬಿಸ್ಕತ್ತಾಗುತ್ತದೆ. ಬೆಂಕಿಯನ್ನು ತರಲಾಗದಿದ್ದರೂ ನೇಪಲ್ಸಿನವರ ತಾಳ್ಮೆಯನ್ನು ತರಲು ಅಡ್ಡಿಯಿಲ್ಲ. ಹಿಂದಿನ ದಿನವೇ ಹುದುಗಿಡುವ ಸಂಯಮ ದೋಸೆಹಿಟ್ಟಿನ ನಾಡಿನ ನಮಗೆ ಹೊಸತೂ ಅಲ್ಲ.

ಅರ್ಧ ಕಿಲೋ ಮೈದಾ, ಹತ್ತು ಗ್ರಾಂ ಉಪ್ಪು, ಕಾಲು ಚಮಚದಷ್ಟು ಒಣ ಯೀಸ್ಟ್, ಮುನ್ನೂರು ಮಿಲಿಲೀಟರಿಗೆ ತುಸು ಮೇಲೆ ನೀರು. ಯೀಸ್ಟನ್ನು ಇದಕ್ಕಿಂತ ಹೆಚ್ಚು ಹಾಕಿ ಒಂದೇ ಗಂಟೆಯಲ್ಲಿ ಉಬ್ಬಿಸುವ ವಿಧಾನಗಳುಂಟು. ಆ ರೊಟ್ಟಿಯಲ್ಲಿ ಯೀಸ್ಟಿನ ವಾಸನೆಯಲ್ಲದೆ ಗೋಧಿಯ ರುಚಿ ಇರುವುದಿಲ್ಲ. ನಮ್ಮ ಮೈದಾದ ಜಿಗುಟು ಚೀಲದಿಂದ ಚೀಲಕ್ಕೆ ಬೇರೆಯಾಗುವುದರಿಂದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಬೇಕು. ನಮ್ಮ ಓವನ್ನಿಗಾಗಿ ಒಂದು ಚಮಚ ಎಣ್ಣೆ ಬೆರೆಸಬಹುದು. ನೇಪಲ್ಸಿನವನು ಕಂಡರೆ ಮುಖ ಸಿಂಡರಿಸಿಯಾನು, ಆದರೆ ರೊಟ್ಟಿ ಮೆದುವಾಗಿರುತ್ತದೆ. ಹತ್ತು ಹನ್ನೆರಡು ನಿಮಿಷ ಚೆನ್ನಾಗಿ ನಾದಿ, ಹೋಳಿಗೆಯ ಕಣಕದಂತೆ ಎಳೆದರೆ ಬಳುಕುವ ಹದಕ್ಕೆ ತಂದು, ಒದ್ದೆ ಬಟ್ಟೆ ಮುಚ್ಚಿ ಎರಡು ಗಂಟೆ ಬಿಡಬೇಕು. ಬಳಿಕ ನಾಲ್ಕು ಉಂಡೆ ಮಾಡಿ ಇನ್ನೂ ಐದಾರು ಗಂಟೆ. ಬೇಸಗೆಯಲ್ಲಿ ಇಷ್ಟು ಹೊತ್ತು ಬೇಡ; ಇಲ್ಲವೇ ಫ್ರಿಜ್ಜಿನಲ್ಲಿಟ್ಟು ಮಾರನೆಯ ದಿನ ಮಾಡಬಹುದು.

ಟೊಮ್ಯಾಟೊವನ್ನು ಬೇಯಿಸಲೇಬಾರದು. ತಿರುಳು ಹೆಚ್ಚಿರುವ ಉದ್ದನೆಯ ಹಣ್ಣನ್ನು ಆರಿಸಿ, ಸಿಪ್ಪೆ ಸುಲಿದು, ಕೈಯಿಂದ ಹಿಸುಕಿ, ನೀರನ್ನು ಸೋಸಿ, ಉಪ್ಪು ಬೆರೆಸಿದರೆ ಸಾಕು. ಬೆಸಿಲ್ ಸೊಪ್ಪಿಗಾಗಿ ದುಬಾರಿ ಅಂಗಡಿಗಳನ್ನು ಹುಡುಕುವವರಿದ್ದಾರೆ. ನಮ್ಮ ಹಿತ್ತಲ ಕಾಮಕಸ್ತೂರಿಯೂ ಅದೇ ಜಾತಿಯ ಗಿಡ. ನಮ್ಮದರ ಘಾಟು ತುಸು ಹೆಚ್ಚಾದ್ದರಿಂದ ಎರಡೇ ಎಲೆ ಹಾಕುತ್ತೇನೆ. ಮೊಜ್ಜರೆಲ್ಲಾದ ವಿಷಯದಲ್ಲಿಯೂ ನಮಗೆ ಒಂದು ನಂಟು ಉಂಟು. ಕಸೆರ್ತಾ ಮತ್ತು ಸಲೆರ್ನೊ ಬಯಲುಗಳಲ್ಲಿ ಅದನ್ನು ಮಾಡುವುದು ಎಮ್ಮೆಯ ಹಾಲಿನಿಂದ, ಎಮ್ಮೆಯನ್ನು ಮೊದಲು ಪಳಗಿಸಿದ್ದು ಭಾರತದ ನೆಲದಲ್ಲಿ. ಆದರೂ ನಮ್ಮ ಪನೀರು ಅದರ ಜಾಗದಲ್ಲಿ ನಿಲ್ಲದು. ಹುಳಿ ಹಿಂಡಿ ಒಡೆಸಿದ ಹಾಲಿನ ಗಟ್ಟಿ ಕಾವಿಗೆ ಕರಗುವುದಿಲ್ಲ. ಮೊಜ್ಜರೆಲ್ಲಾ ಕಿಣ್ವದಿಂದ ಹೆಪ್ಪುಗಟ್ಟಿದ್ದು, ಬಿಸಿನೀರಿನಲ್ಲಿ ಎಳೆದು ನಾದಿದ್ದು. ಅದನ್ನು ಕೊಳ್ಳಲು ಮನಸ್ಸಿಲ್ಲದವರಿಗೆ ಇನ್ನೊಂದು ದಾರಿಯಿದೆ. ಅಲ್ಲಿಯ 'ಮರಿನಾರ' ಎಂಬ ಪಿಜ್ಜಾಕ್ಕೆ ಟೊಮ್ಯಾಟೊ, ಬೆಳ್ಳುಳ್ಳಿ, ಒರೆಗಾನೊ, ಆಲಿವ್ ಎಣ್ಣೆ ಇಷ್ಟೇ. ಹಾಲಿನ ವಸ್ತುವೇ ಇಲ್ಲ. ನನ್ನ ನಾಲಿಗೆಗೆ ರಾಣಿಯ ಹೆಸರಿನದಕ್ಕಿಂತ ಇದೇ ಮೇಲು.

ಸುಡಲು ಕಬ್ಬಿಣದ ದೋಸೆಯ ಕಾವಲಿಯನ್ನು ಓವನ್ನಿನೊಳಗೆ ಬೋರಲು ಹಾಕಿ ಅರ್ಧ ಗಂಟೆ ಕಾಯಿಸಿ, ಅದರ ಮೇಲೆ ಪಿಜ್ಜಾವನ್ನು ಜಾರಿಸಬೇಕು. ಆರೇಳು ನಿಮಿಷದಲ್ಲಿ ಅಂಚು ಕೆಂಪಾಗಿ ಅಲ್ಲಲ್ಲಿ ಕಪ್ಪು ಚುಕ್ಕೆ ಏಳುತ್ತದೆ. 'ಸೀದುಹೋಯಿತಲ್ಲಪ್ಪಾ' ಎಂದು ನಮ್ಮ ಸೋದರತ್ತೆಯವರು ಪ್ರತಿಸಲವೂ ಹೇಳುತ್ತಾರೆ, ಪ್ರತಿಸಲವೂ ಎರಡನೆಯ ತುಂಡು ಕೇಳುತ್ತಾರೆ.

ಓವನ್ ಇಲ್ಲದ ಮನೆಯವರು ನಿರಾಶರಾಗಬೇಕಾಗಿಲ್ಲ. ಎರಡನೆಯ ಮಹಾಯುದ್ಧದ ನಂತರ ನೇಪಲ್ಸಿನಲ್ಲಿ ಗೂಡುಗಳು ಹಾಳಾಗಿ, ಮೊಜ್ಜರೆಲ್ಲಾ ಕೈಗೆಟುಕದಂತಾದಾಗ ಬಾಸ್ಸೊಗಳ ಹೆಂಗಸರು ಬಾಗಿಲ ಮುಂದೆ ಬಾಣಲೆಯಿಟ್ಟು ಪಿಜ್ಜಾ ಕರಿದು ಮಾರಿದರು. 1954ರ 'ನೇಪಲ್ಸಿನ ಚಿನ್ನ' ಎಂಬ ಡಿ ಸಿಕಾ ಅವರ ಚಿತ್ರದಲ್ಲಿ ಸೋಫಿಯಾ ಲಾರೆನ್ ಮಾರುವುದು ಇಂಥದೇ ಕರಿದ ಪಿಜ್ಜಾವನ್ನು. ಅಲ್ಲಿಯೂ ಅದೇ ಕರಾರು, ಇಂದು ತಿಂದು ಎಂಟು ದಿನಕ್ಕೆ ಹಣ. ಅದೇ ಕಣಕವನ್ನು ಅಂಗೈಯಗಲ ತಟ್ಟಿ, ಕಾದ ಎಣ್ಣೆಯಲ್ಲಿ ಪೂರಿಯಂತೆ ಎರಡೂ ಮಗ್ಗುಲು ಹೊಂಬಣ್ಣಕ್ಕೆ ತಿರುಗುವವರೆಗೆ ಕರಿದು, ಮೇಲೆ ಬಿಸಿ ಮಾಡಿದ ಟೊಮ್ಯಾಟೊ ಗೊಜ್ಜನ್ನೂ ಒಂದು ಎಲೆ ಕಾಮಕಸ್ತೂರಿಯನ್ನೂ ಇಟ್ಟರೆ ಮುಗಿಯಿತು. ಬಾಣಲೆಯಿಂದ ತೆಗೆದ ಕೂಡಲೇ ತಿನ್ನಬೇಕು, ಆರಿದರೆ ತೊಗಲಿನಂತಾಗುತ್ತದೆ.