ಏಕವಚನ ಯಾರಿಗೆ, ಬಹುವಚನ ಯಾರಿಗೆ?

ಕನ್ನಡದಲ್ಲಿ ಯಾರನ್ನಾದರೂ ಕರೆಯುವ ಮುನ್ನ ನಾವು ಒಂದು ತೀರ್ಮಾನ ಮಾಡಬೇಕಾಗುತ್ತದೆ: ‘ಬಾ’ ಎನ್ನಬೇಕೋ, ‘ಬನ್ನಿ’ ಎನ್ನಬೇಕೋ? ಇಂದಿನ ಇಂಗ್ಲಿಷಿನಲ್ಲಿ ಈ ತೊಡಕಿಲ್ಲ. ಅಲ್ಲಿ ಚಿಕ್ಕವರಿಗೂ ದೊಡ್ಡವರಿಗೂ ಒಂದೇ ‘ಯೂ’. ನಮ್ಮಲ್ಲಿ ಸರ್ವನಾಮವನ್ನು ಕೈಬಿಟ್ಟರೂ ಕ್ರಿಯಾಪದ ನಮ್ಮನ್ನು ಬಿಡದು.

ಹಾಗೆಂದು ಏಕವಚನವೇ ತಪ್ಪಲ್ಲ. ತಾಯಿಯನ್ನೂ ಗೆಳೆಯರನ್ನೂ ದೇವರನ್ನೂ ನಾವು ‘ನೀನು’ ಎಂದೇ ಕರೆಯುತ್ತೇವೆ. ಅದು ಸಲಿಗೆ. ಯುರೋಪಿನ ಭಾಷೆಗಳ ಇಂಥ ಸರ್ವನಾಮಗಳನ್ನು ಕುರಿತು ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ 1960ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅದರ ಸಾರ ಸರಳವಾದುದು. ಇಬ್ಬರೂ ಪರಸ್ಪರ ‘ನೀನು’ ಎಂದರೆ ಅದು ಆತ್ಮೀಯತೆ. ಒಬ್ಬರು ‘ನೀನು’ ಎಂದಾಗ ಇನ್ನೊಬ್ಬರು ‘ನೀವು’ ಎಂದೇ ಉತ್ತರಿಸಬೇಕಾದರೆ ಅದು ಅಧಿಕಾರ.

ಈ ಅಳತೆಗೋಲನ್ನು ನಮ್ಮ ಊರುಗಳಿಗೆ ಹಿಡಿದು ನೋಡಿ. ಜಮೀನುದಾರರ ಮನೆಯ ಪುಟ್ಟ ಹುಡುಗ ಅಜ್ಜನ ವಯಸ್ಸಿನ ಆಳನ್ನು ‘ಬಾರೋ’ ಎಂದು ಕೂಗುವುದು, ಆ ಹಿರಿಯರು ‘ಬಂದೆ ಬುದ್ಧಿ’ ಎನ್ನುವುದು ನಮಗೆ ತಿಳಿಯದ ಸಂಗತಿಯೇನಲ್ಲ. ಹಿರಿಯರಿಗೆ ಗೌರವ ಕೊಡು ಎಂಬ ಪಾಠ ಅಲ್ಲಿ ಜಾತಿಯ ಮುಂದೆ ಸೋಲುತ್ತದೆ. ಅಸ್ಪೃಶ್ಯತೆಯನ್ನು ರದ್ದುಪಡಿಸಿದ ಸಂವಿಧಾನದ 17ನೇ ವಿಧಿ 1950ರಲ್ಲೇ ಜಾರಿಗೆ ಬಂದಿತು. ಆದರೂ ಕ್ರಿಯಾಪದದ ತುದಿಯಲ್ಲಿ ಮೇಲುಕೀಳು ಉಳಿದುಕೊಂಡಿತು.

ಇದು ಹಳ್ಳಿಯ ಮಾತಷ್ಟೇ ಅಲ್ಲ. ಪಟ್ಟಣದ ಮನೆಯಲ್ಲೂ ಅನೇಕ ಕಡೆ ಹೆಂಡತಿ ‘ರೀ, ಬನ್ನಿ’ ಎನ್ನುತ್ತಾಳೆ, ಗಂಡ ‘ಬಾರೇ’ ಎನ್ನುತ್ತಾನೆ. ಮನೆಗೆಲಸದ ಹಿರಿಯ ಹೆಂಗಸನ್ನು ನಾಲ್ಕು ವರ್ಷದ ಮಗು ‘ನೀನು’ ಎನ್ನುತ್ತದೆ. ಅದಕ್ಕೆ ಇದನ್ನು ಯಾರೂ ಕೂರಿಸಿಕೊಂಡು ಕಲಿಸಿಲ್ಲ. ದೊಡ್ಡವರ ಮಾತು ಕೇಳಿ ಅದೇ ಕಲಿತಿದೆ. ಸುದ್ದಿಯ ಭಾಷೆಯನ್ನೂ ಗಮನಿಸಿ. ಕೂಲಿಕಾರ ‘ಸಿಕ್ಕಿಬಿದ್ದ’, ಗಣ್ಯರು ‘ಬಂಧಿತರಾದರು’. ಇಬ್ಬರ ಮೇಲಿರುವುದೂ ಆರೋಪವೇ. ಆದರೆ ನ್ಯಾಯಾಲಯದ ತೀರ್ಪಿಗೆ ಮೊದಲೇ ವ್ಯಾಕರಣ ಒಂದು ತೀರ್ಪು ಕೊಟ್ಟುಬಿಟ್ಟಿರುತ್ತದೆ.

ಈ ರೂಢಿಯನ್ನು ಬದಲಿಸಲಾಗದೆಂದು ತಿಳಿಯಬೇಕಿಲ್ಲ. ಪೊಲೀಸರು ನಾಗರಿಕರನ್ನು ತುಚ್ಛವಾಗಿ ಸಂಬೋಧಿಸಬಾರದೆಂದು ನೆರೆಯ ಕೇರಳದ ಹೈಕೋರ್ಟು 2021ರಲ್ಲಿ ಹೇಳಿತು. ಠಾಣೆಯ ಮೆಟ್ಟಿಲೇರುವ ಬಡವರ ಪಾಲಿಗೆ ಇದು ಸಣ್ಣ ವಿಷಯವಲ್ಲ. ‘ಏನೋ, ಯಾಕೋ’ ಎಂದು ಕೇಳಿಸಿಕೊಂಡವರು ದೂರು ಹೇಳುವ ಧೈರ್ಯವನ್ನೇ ಕಳೆದುಕೊಳ್ಳಬಹುದು.

ನ್ಯಾಯಾಲಯದ ಆಜ್ಞೆ ನಮ್ಮ ಅಡುಗೆಮನೆಯವರೆಗೆ ಬರಲಾರದು. ಅಲ್ಲಿ ನಾವೇ ಎಚ್ಚರ ವಹಿಸಬೇಕು. ಇಂದು ಸಂಜೆಯವರೆಗೆ ನೀವು ಯಾರಿಗೆ ‘ನೀನು’ ಎನ್ನುತ್ತೀರೆಂದು ಸುಮ್ಮನೆ ಲೆಕ್ಕವಿಡಿ. ಅವರು ನಿಮಗೂ ‘ನೀನು’ ಎನ್ನಬಲ್ಲರೇ ಎಂದು ಕೇಳಿಕೊಳ್ಳಿ. ಎನ್ನಲಾರರು ಎಂದಾದರೆ, ನಾಳೆ ಬೆಳಿಗ್ಗೆ ಅವರು ಬಂದಾಗ ಮಕ್ಕಳಿಗೆ ಕೇಳಿಸುವಂತೆ ‘ಬನ್ನಿ’ ಎನ್ನಿ.