ಗಾಳ ಹಿಡಿದ ಕಲೆಕ್ಟರ್

ಬಂಗಾರಪೇಟೆ, ಕೆಜಿಎಫ್ ಕಡೆ ಗಾಳ ಹಾಕುವವರಿಗೆ ಕೆರೆಯೇ ಗತಿ. ಪಾಲಾರ್ ಮಳೆ ಬಂದರೆ ನದಿ, ಇಲ್ಲದಿದ್ದರೆ ಬರೀ ಮರಳು. ಚಿನ್ನದ ಗಣಿಗೆ ನೀರು ಕೊಟ್ಟ ಬೇತಮಂಗಲದಂಥ ಕೆರೆಯ ಏರಿಯ ಮೇಲೆ ಕೊರಮೀನಿಗಾಗಿ ಕಾದು ಕೂರುವುದು ಇಲ್ಲಿ ಹಳೆಯ ಅಭ್ಯಾಸ. ಹೀಗೆ ಕೆರೆಗಳಲ್ಲಿ ಮೀನು ಹಿಡಿಯುವುದರ ಬಗ್ಗೆಯೇ 1887ರಲ್ಲಿ ಒಂದು ಪುಸ್ತಕ ಬಂತು: ‘ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ’. ಬರೆದವರು ಹೆನ್ರಿ ಸಲಿವನ್ ಥಾಮಸ್.

ಥಾಮಸ್ ಮದರಾಸು ಸಿವಿಲ್ ಸರ್ವಿಸಿನ ಅಧಿಕಾರಿ, ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದವರು. ಘಟ್ಟದಿಂದ ಇಳಿಯುವ ಹೊಳೆಗಳು ಅವರಿಗೆ ಪಾಠಶಾಲೆಯಾದವು. ಆ ಜಿಲ್ಲೆಯ ಮೀನು ಸಾಕಣೆಯ ಬಗ್ಗೆ 1870ರಲ್ಲಿ ವರದಿ ಬರೆದರು. 1873ರಲ್ಲಿ ಅವರ ದೊಡ್ಡ ಪುಸ್ತಕ ‘ದಿ ರಾಡ್ ಇನ್ ಇಂಡಿಯಾ’ ಮಂಗಳೂರಿನಿಂದಲೇ ಪ್ರಕಟವಾಯಿತು. ಭಾರತದಲ್ಲಿ ಹವ್ಯಾಸಿ ಗಾಳಗಾರಿಕೆಗೆ ಬುನಾದಿ ಹಾಕಿದ ಕೃತಿ ಅದು.

ಅದರ ನಾಯಕ ಮಹಸೀರ್, ದಕ್ಷಿಣ ಕನ್ನಡದ ಶಿಶಿಲದಲ್ಲಿ ಭಕ್ತರು ಅಕ್ಕಿ, ಮಂಡಕ್ಕಿ ಹಾಕುವ ದೇವರ ಮೀನು. ಅದೇ ತೂಕದ ಸಾಲ್ಮನ್‌ಗಿಂತ ಮಹಸೀರ್ ಹೆಚ್ಚು ಸೆಣಸುತ್ತದೆ ಎಂದು ಥಾಮಸ್ ಬರೆದಾಗ ಇಂಗ್ಲೆಂಡಿನ ಗಾಳಗಾರರು ಕಿವಿ ನಿಮಿರಿಸಿದ್ದು ಸಹಜ. ಆದರೆ ಥಾಮಸ್ ಮೀನನ್ನು ಎಳೆದು ಹಾಕಿ ಸುಮ್ಮನಾದವರಲ್ಲ. ಅದು ಏನು ತಿನ್ನುತ್ತದೆ, ಹೇಗೆ ತಿನ್ನುತ್ತದೆ ಎಂದು ನೋಡಿದರು. ಮಹಸೀರಿನ ದವಡೆಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಲ್ಲಿ. ಏಡಿ, ಶಂಖದ ಹುಳು ಅಲ್ಲಿ ಪುಡಿಯಾಗುತ್ತವೆ. ಮಹಸೀರ್ ಮೊಟ್ಟೆಗಳನ್ನು ಒಮ್ಮೆಲೇ ಇಡದೆ ಕೋಳಿಯ ಹಾಗೆ ಕಂತು ಕಂತಾಗಿ ಇಡುತ್ತದೆ ಎಂದೂ ಅವರು ವಾದಿಸಿದರು. ನನ್ನ ಮಟ್ಟಿಗೆ ಅವರ ನಿಜವಾದ ಹಿರಿಮೆ ಈ ನೋಡುವ ಗುಣದಲ್ಲಿದೆ.

ನೋಡಿದ್ದರಿಂದಲೇ ಆತಂಕವೂ ಹುಟ್ಟಿತು. ಕಾರೆಕಾಯಿ ಜಜ್ಜಿ ಮಡುವಿಗೆ ಹಾಕಿದರೆ ದೊಡ್ಡದು, ಮರಿ ಎನ್ನದೆ ಮೀನೆಲ್ಲ ತೇಲುತ್ತವೆ. ಸಣ್ಣ ಕಣ್ಣಿನ ಬಲೆಯೂ ಅಷ್ಟೇ, ಮುಂದಿನ ವರ್ಷದ ಮೀನನ್ನು ಇವತ್ತೇ ಮುಗಿಸುತ್ತದೆ. ಇಂಥದ್ದು ನಿಲ್ಲಬೇಕೆಂದು ಥಾಮಸ್ ಪಟ್ಟು ಹಿಡಿದರು. ‘ದಿ ರಾಡ್ ಇನ್ ಇಂಡಿಯಾ’ದ ಮೂರನೆಯ ಆವೃತ್ತಿ ಬಂದ 1897ರಲ್ಲೇ ಭಾರತದ ಮೀನುಗಾರಿಕೆ ಕಾಯ್ದೆಯೂ ಬಂತು. ನೀರಿಗೆ ವಿಷ ಹಾಕುವುದು, ಸಿಡಿಮದ್ದು ಎಸೆಯುವುದು ಅಪರಾಧವಾಯಿತು. ಸಿಡಿಮದ್ದು ದಿನನಿತ್ಯದ ಸಾಮಾನಾಗಿದ್ದ ಕೆಜಿಎಫ್‌ನಂಥ ಗಣಿಯ ಊರಿಗೆ ಈ ಮಾತು ಹೆಚ್ಚೇ ಸಲ್ಲುತ್ತದೆ.

1902ರಿಂದ ಕೆಜಿಎಫ್ ಗಣಿಗೆ ವಿದ್ಯುತ್ ಕಳಿಸಿದ ಶಿವನಸಮುದ್ರದ ಕೆಳಗಿನ ಕಾವೇರಿಯೂ ಮುಂದೆ ಗಾಳಗಾರರ ತೀರ್ಥವಾಯಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಅದರ ಉಪನದಿ ಕಬಿನಿಯಲ್ಲಿ 120 ಪೌಂಡಿನ ಮಹಸೀರ್ ಹಿಡಿದರು. ಆ ಕಾವೇರಿ ಕೊಳ್ಳದ ಡುಬ್ಬದ ಮಹಸೀರ್ 2018ರಲ್ಲಿ ಅಳಿವಿನ ಅಂಚಿನ ಜೀವಿಗಳ ಪಟ್ಟಿ ಸೇರಿತು.

ಮಹಸೀರ್ ನಮ್ಮ ಕೋಲಾರದ ಕೆರೆಗಳ ಮೀನಲ್ಲ, ನಿಜ. ಆದರೆ ಮಳೆಗೆ ಹೊಸನೀರು ಬಂದಾಗ ಮೊಟ್ಟೆ ಹೊತ್ತ ಮೀನುಗಳು ಇಲ್ಲಿಯೂ ನೀರಿಗೆದುರಾಗಿ ಹತ್ತುತ್ತವೆ. ಆಗ ಕಾಲುವೆಗೆ ಬಲೆ ಅಡ್ಡ ಕಟ್ಟಬೇಡಿ, ಅವನ್ನು ಹೋಗಲು ಬಿಡಿ.