ದರಿಯಾ ದೌಲತ್: ಅರಮನೆ ಯಾರದು?



ಹಳೆಯ ಕಟ್ಟಡವೊಂದನ್ನು ಕಂಡಾಗ ‘ಇದನ್ನು ಕಟ್ಟಿಸಿದವರು ಯಾರು?’ ಎಂದು ಎಲ್ಲರೂ ಕೇಳುತ್ತೇವೆ. ಪರೀಕ್ಷೆಯಲ್ಲಿಯೂ ಇದೇ ಪ್ರಶ್ನೆ ಬರುತ್ತದೆ. ಆಮೇಲೆ ಅದು ಯಾರ ಕೈ ಸೇರಿತು, ಇಂದಿನವರೆಗೆ ಹೇಗೆ ಉಳಿಯಿತು ಎಂದು ಕೇಳುವವರು ಕಡಿಮೆ. ಶ್ರೀರಂಗಪಟ್ಟಣದ ಬೇಸಿಗೆ ಅರಮನೆ ದರಿಯಾ ದೌಲತ್ತಿನ ಕಥೆಯಿಂದ ಈ ಎರಡನೆಯ ಪ್ರಶ್ನೆಯನ್ನು ವಿಚಾರ ಮಾಡೋಣ.

ಪರ್ಶಿಯನ್ ಭಾಷೆಯಲ್ಲಿ ‘ದರಿಯಾ’ ಎಂದರೆ ಸಮುದ್ರ; ದೊಡ್ಡ ನದಿಗೂ ಅದೇ ಮಾತು. ‘ದೌಲತ್’ ಎಂದರೆ ಸಂಪತ್ತು. ಹೆಸರಿನಲ್ಲಿ ಸಮುದ್ರವಿದ್ದರೂ ಅರಮನೆ ನಿಂತಿರುವುದು ಕಾವೇರಿಯ ದಂಡೆಯಲ್ಲಿ, ಕೋಟೆಯ ಹೊರಗಿನ ತೋಟದ ನಡುವೆ. 1784ರಲ್ಲಿ ಟಿಪ್ಪು ಸುಲ್ತಾನನು ಇದನ್ನು ಕಟ್ಟಿಸಿದನು. ಎತ್ತರದ ಜಗಲಿಯ ಮೇಲಿನ ಈ ಕಟ್ಟಡದಲ್ಲಿ ತೇಗದ ಮರದ ಕೆಲಸವೇ ಹೆಚ್ಚು. ಸುತ್ತಲಿನ ಅಗಲವಾದ ಪಡಸಾಲೆಯಿಂದಾಗಿ ಒಳಗಿನ ಗೋಡೆಗಳಿಗೆ ಬಿಸಿಲು ನೇರವಾಗಿ ತಾಗುವುದಿಲ್ಲ. ಗಾಳಿ ಮಾತ್ರ ಧಾರಾಳವಾಗಿ ಆಡುತ್ತದೆ.

ಪಶ್ಚಿಮದ ಗೋಡೆಯ ಮೇಲೆ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರವಿದೆ. 1780ರಲ್ಲಿ ಕಾಂಚೀಪುರದ ಬಳಿ ಹೈದರ್ ಮತ್ತು ಟಿಪ್ಪು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೋಲಿಸಿದ ಯುದ್ಧವಿದು. ಕಂಪನಿಯ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕುಳಿತಿರುವುದನ್ನು ಇಲ್ಲಿ ಕಾಣಬಹುದು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಮಡಿದನು. ದ್ವೀಪವನ್ನು ಕಂಪನಿ ತನ್ನ ಕೈಯಲ್ಲೇ ಉಳಿಸಿಕೊಂಡಿತು. ಮುಂದೆ 1815ರಲ್ಲಿ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿ ಆಗ ಇಲ್ಲಿ ಕರ್ನಲ್ ಆಗಿದ್ದನು. ಅವನು ದರಿಯಾ ದೌಲತ್ತನ್ನೇ ತನ್ನ ನಿವಾಸ ಮಾಡಿಕೊಂಡನು. ಮುತ್ತಿಗೆಗೆ ಮೊದಲೇ ಕೆಟ್ಟುಹೋಗಿದ್ದ ಯುದ್ಧಚಿತ್ರವನ್ನು ಸರಿಪಡಿಸಿಸಿದನು. ತನ್ನದೇ ಸೈನ್ಯದ ಸೋಲನ್ನು ಸಾರುವ ಚಿತ್ರ ಅದು! ಅವನು ಹೋದ ಮೇಲೆ ಗೋಡೆಗೆ ಸುಣ್ಣ ಬಳಿದರು. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಇಲ್ಲಿಗೆ ಬಂದಾಗ ಚಿತ್ರ ಬಹುಮಟ್ಟಿಗೆ ಅಳಿಸಿಹೋಗಿತ್ತು. ಮೂಲಚಿತ್ರವನ್ನು ನೆನಪಿನಲ್ಲಿಟ್ಟುಕೊಂಡಿದ್ದ ಭಾರತೀಯ ಕಲಾವಿದನೊಬ್ಬನಿಂದ ಅದನ್ನು ಮತ್ತೆ ಬರೆಯಿಸಲಾಯಿತು. ಆ ಒಬ್ಬನ ನೆನಪು ಇಲ್ಲದಿದ್ದರೆ ಇಂದು ನಮಗೆ ಕಾಣುತ್ತಿದ್ದುದು ಬರಿಯ ಸುಣ್ಣದ ಗೋಡೆ.

ಕೋಟೆಯೊಳಗೆ ಟಿಪ್ಪುವಿನ ಮುಖ್ಯ ಅರಮನೆ ಲಾಲ್ ಮಹಲ್ ಇತ್ತು. ಅದೂ ಅದೇ ವಿಜೇತರ ಕೈ ಸೇರಿತ್ತು. ಅದನ್ನು ಕೆಡವಿದರು. ಅದರ ತೊಲೆಗಳನ್ನು ನೀಲಗಿರಿಗೆ ಸಾಗಿಸಿ, 1829ರಲ್ಲಿ ಆರಂಭವಾದ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಬಳಸಿದರು. ಇಬ್ಬರು ಒಡೆಯರೂ ಎರಡು ಕಟ್ಟಡಗಳಿಗೂ ಸಮಾನರು. ಗತಿ ಮಾತ್ರ ಬೇರೆ ಬೇರೆ. ಒಂದರಲ್ಲಿ ಜನ ವಾಸವಾಗಿದ್ದರು, ದುರಸ್ತಿ ನಡೆಯಿತು. ಇನ್ನೊಂದು ಮರದ ರಾಶಿಯಾಯಿತು.

ಕಂಪನಿಯ ಬಳಿ ಇದ್ದ ಶ್ರೀರಂಗಪಟ್ಟಣ ದ್ವೀಪವನ್ನು ಮುಂದೆ ವರ್ಷಕ್ಕೆ 50,000 ರೂಪಾಯಿ ಗುತ್ತಿಗೆಗೆ ಮೈಸೂರಿಗೆ ಕೊಡಲಾಗಿತ್ತು. 1881ರಲ್ಲಿ ಮಹಾರಾಜರಿಗೆ ರಾಜ್ಯ ಮರಳಿದಾಗ, ಬೆಂಗಳೂರಿನ ದಂಡು ಪ್ರದೇಶಕ್ಕೆ ಬದಲಾಗಿ ದ್ವೀಪ ಮೈಸೂರಿಗೆ ಸೇರಿತು. ಸ್ವಾತಂತ್ರ್ಯದ ನಂತರ, 1959ರಲ್ಲಿ, ಅರಮನೆಯಲ್ಲಿ ಟಿಪ್ಪು ಸುಲ್ತಾನ್ ವಸ್ತು ಸಂಗ್ರಹಾಲಯ ಆರಂಭವಾಯಿತು. ಈಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅದನ್ನು ನೋಡಿಕೊಳ್ಳುತ್ತಿದೆ.

ಪಡಸಾಲೆಗೆ ಇಳಿಬಿಟ್ಟ ದೊಡ್ಡ ಪರದೆಗಳನ್ನು ಕಂಡು, ಕಟ್ಟಡದ ಅಂದ ಮರೆಯಾಯಿತಲ್ಲ ಎಂದು ಕೆಲವರಿಗೆ ಬೇಸರವಾಗಬಹುದು. ಅದಕ್ಕೆ ವೈಜ್ಞಾನಿಕ ಕಾರಣವಿದೆ. ಬಿಸಿಲಿನ ಅತಿನೇರಳೆ ಕಿರಣಗಳು ಅನೇಕ ಬಣ್ಣಗಳ ಅಣುಗಳನ್ನು ಒಡೆಯುತ್ತವೆ. ಈ ಹಾನಿ ದಿನದಿನವೂ ಕೂಡುತ್ತ ಹೋಗುತ್ತದೆ. ಮಸುಕಾದ ಬಣ್ಣ ತಾನಾಗಿ ಮರಳುವುದಿಲ್ಲ. ಕ್ಯಾಮೆರಾ, ದೀಪಗಳೊಡನೆ ಕೆಲಸ ಮಾಡುವ ನನ್ನಂಥವರು ಇದನ್ನು ಮೊದಲು ನೆನಪಿಡಬೇಕು.

1958ರ ಕೇಂದ್ರ ಕಾಯಿದೆಯ ಪ್ರಕಾರ ಸಂರಕ್ಷಿತ ಸ್ಮಾರಕವನ್ನು ಕೆಡಿಸಿದವರಿಗೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. 2010ರ ತಿದ್ದುಪಡಿಯಂತೆ ಸ್ಮಾರಕದಿಂದ ನೂರು ಮೀಟರ್‌ವರೆಗಿನ ಜಾಗದಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ. ಆದರೆ ಕಾಯಿದೆ ತಲುಪದ ಹಳೆಯ ಕಟ್ಟಡಗಳೇ ನಮ್ಮ ನಾಡಿನಲ್ಲಿ ಹೆಚ್ಚು.

ಇದು ಶ್ರೀರಂಗಪಟ್ಟಣದ ಮಾತಷ್ಟೇ ಅಲ್ಲ. ಗದಗ ಬಳಿಯ ಹರ್ತಿಯಲ್ಲಿ, ಪಾರ್ವತಿ ಪರಮೇಶ್ವರ ಗುಡಿಯಲ್ಲಿ, ಚಾಲುಕ್ಯರ ಕಾಲದ ಕೆತ್ತನೆಗಳಿವೆ. ಆ ಸೀಮೆಯ ಊರುಗಳಲ್ಲಿ ಹಳೆಯ ವಾಡೆಗಳಿವೆ. ವಾಡೆಯ ಪಾಲಿಗಾಗಿ ಅಣ್ಣತಮ್ಮಂದಿರು ಕೋರ್ಟಿಗೆ ಅಲೆಯುವಾಗ ಮಾಳಿಗೆ ಸೋರುವುದನ್ನು ನೋಡುವವರು ಇರುವುದಿಲ್ಲ. ತೀರ್ಪು ಬರುವ ಹೊತ್ತಿಗೆ ಗೆದ್ದವನಿಗೆ ಸಿಗುವುದು ಬಿದ್ದ ಗೋಡೆ.

ನಿಮ್ಮ ಊರಿನ ಒಂದು ಹಳೆಯ ಕಟ್ಟಡವನ್ನು ಆರಿಸಿಕೊಳ್ಳಿ. ಅದರ ಒಡೆಯರು ಯಾರು, ಕಳೆದ ಮಳೆಗಾಲದಲ್ಲಿ ಅದರ ಮಾಳಿಗೆ ನೋಡಿದವರು ಯಾರು ಎಂಬ ಎರಡೂ ಪ್ರಶ್ನೆಗಳನ್ನು ಹಿರಿಯರಲ್ಲಿ ಕೇಳಿ ಬರೆದುಕೊಳ್ಳಿ. ಎರಡನೆಯದಕ್ಕೆ ಉತ್ತರ ಸಿಗದಿದ್ದರೆ ಶಾಲೆಯ ಗುರುಗಳಿಗೂ ಪಂಚಾಯಿತಿಗೂ ತಿಳಿಸಿ. ಗೋಡೆಯ ಮೇಲೆ ಹೆಸರು ಕೊರೆಯುವ ಗೆಳೆಯನ ಕೈಯನ್ನು ತಡೆಯಿರಿ.